ಅಜ್ಜಿ ಇಟ್ಟ ಹೆಸರು

ಮಕಾಸ್ಸರಿನ ಮಾರುಕಟ್ಟೆ ಬಾಗಿಲಲ್ಲಿ ಬಾಳೆಹಣ್ಣು ಸುಡುತ್ತಿದ್ದ ಹಸ್ನಾ ಚಪ್ಪಾಳೆ ಕೇಳಿ ತಲೆಯೆತ್ತಿದಳು. ಚೀಲ ಹೊತ್ತ ಹುಡುಗಿಯೊಬ್ಬಳು ಸಾಲಿನ ಮೊದಲ ಸೈಕಲ್ ರಿಕ್ಷಾದ ಮುದುಕನನ್ನು ಕರೆಯುತ್ತಿದ್ದಳು. ಅವನು ಅಲುಗಾಡಲಿಲ್ಲ.

“ಏ ದಾಯೆಂಗ್, ಬಾರಯ್ಯಾ!”

“ಯಾವ ದಾಯೆಂಗ್?”

“ರಿಕ್ಷಾ ತುಳಿಯೋರನ್ನೆಲ್ಲ ಹಾಗೇ ಅಲ್ವಾ ಕರೆಯೋದು?”

“ನಿಮ್ಮಪ್ಪನ್ನ ಏನಂತಾರೆ?”

“ದಾಯೆಂಗ್ ನಾಬಾ. ಅವರು ಆಫೀಸಿನೋರು.”

“ಅವರನ್ನೂ ಚಪ್ಪಾಳೆ ತಟ್ಟಿ ಕರೀತೀಯಾ?”

“ಅಯ್ಯೋ, ಅದು ಹಿರಿಯರು ಇಟ್ಟ ಹೆಸರು ತಾತಾ.”

“ನಂದೇನು ಬೀದೀಲಿ ಬಿದ್ದಿತ್ತಾ? ದಾಯೆಂಗ್ ಅನ್ನೋದು ಒಂದು ಕಾಲಕ್ಕೆ ದೊಡ್ಡ ಮನೆತನದೋರಿಗಷ್ಟೇ ಸಲ್ಲುತ್ತಿದ್ದ ಗೌರವದ ಮಾತು. ನಾಲ್ಕು ಮಕ್ಕಳು ಹೋದಮೇಲೆ ನಾನು ಹುಟ್ಟಿದ್ದು. ನಮ್ಮಜ್ಜಿ ದಾಯೆಂಗ್ ತಾಯಾಂಗ್ ಅಂತ ಇಟ್ಟಳು, ಕಾದು ಪಡೆದೋನು ಅಂತ. ಪೂರ್ತಿ ಹೆಸರು ಕರೆದರೆ ರಿಕ್ಷಾ ಹತ್ತು, ಇಲ್ಲಾಂದ್ರೆ ನಡಿ.”

“ಬಿಸಿಲು ನೋಡಿ ತಾತಾ!”

“ನನ್ನ ತಲೆ ಮೇಲೇನು ಬೆಳದಿಂಗಳಾ?”

“ದಾಯೆಂಗ್ ತಾಯಾಂಗ್, ಬರ್ತೀರಾ?”

“ಗಟ್ಟಿಯಾಗಿ. ಸಾಲಿನೋರಿಗೂ ಕೇಳ್ಲಿ.”

“ದಾಯೆಂಗ್ ತಾಯಾಂಗ್!”

“ಹತ್ತು ಮಗಳೇ.”

ರಿಕ್ಷಾ ತಿರುವು ದಾಟಿತು. ಹಸ್ನಾ ಹಣ್ಣು ಮಗುಚುವಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ರಿಕ್ಷಾ ಸಾಲಿನತ್ತ ಚಪ್ಪಾಳೆ ತಟ್ಟಿದ.

“ಏ ದಾಯೆಂಗ್!”

ಸಾಲಿನಲ್ಲಿ ಉಳಿದಿದ್ದ ಆರು ಜನವೂ ಒಟ್ಟಿಗೆ ಕೇಳಿದರು:

“ಯಾವ ದಾಯೆಂಗ್?”