ತಲೆಯಿಲ್ಲದ ದೇವಿ

ತೊಂಬತ್ತಾರರ ಬೇಸಿಗೆ. ಅಥಣಿ ಬಸ್ ನಿಲ್ದಾಣದಲ್ಲಿ ರಾಯಬಾಗದ ಬಸ್ಸಿಗೆ ಕಾಯುತ್ತಿದ್ದೆ. ದ್ರಾಕ್ಷಿ ಬೆಳೆಗಾರರ ಪ್ರವಾಸದಲ್ಲಿ ಗಂಡನ ಜೊತೆ ಸೈಪ್ರಸ್ ದ್ವೀಪ ನೋಡಿಬಂದಿದ್ದ ಶಿರಗುಪ್ಪಿಯ ರುಕ್ಮವ್ವ ಪಕ್ಕದ ಬೆಂಚಿನಲ್ಲಿದ್ದಳು. ಅವಳ ಓಣಿಯ ಕೆಂಪವ್ವ ಕೇಳುತ್ತಿದ್ದಳು.

“ಅಲ್ಲೇನೇನ ನೋಡಿದ್ರಿ ವೈನಿ?”

“ಸುತ್ತ ಸಮುದ್ರ. ನಡುವ ಹಳೇ ಕಿಲ್ಲೆ, ಬಿದ್ದ ಕಂಬ. ಎರಡ ಸಾವಿರ ವರ್ಷದ ಗುಡಿ ಅಂತ, ಅದರಾಗಿನ ದೇವಿಗಿ ತಲೀನ ಇಲ್ಲ.”

“ಮತ್ತ ಪೂಜಿ?”

“ಯಾರೂ ಮಾಡಂಗಿಲ್ಲ. ನನಗ ಜೀವ ತಡೀಲಿಲ್ಲ. ಚಪ್ಪಲಿ ಬಿಟ್ಟ ಹೋಗಿ, ಪಾದಕ್ಕ ಅರಿಷಿಣ ಕುಂಕುಮ ಹಚ್ಚಿದೆ.”

“ಪುಣ್ಯಾ ಬಂತ ಬಿಡ್ರಿ.”

“ಎಲ್ಲಿ ಪುಣ್ಯಾ? ಕಾವಲಿನಾಂವ ಓಡಿ ಬಂದ. ಹಳೇ ಕಲ್ಲ ಮುಟ್ಟಬಾರದಂತ. ಅರಿವಿ ತಂದ ಎಲ್ಲಾ ಒರಿಸಿಬಿಟ್ಟ. ದೇವರಂದ್ರ ಏನಂತ ಆ ಮಂದಿಗಿ ಗೊತ್ತ ಇಲ್ಲ.”

ಕೆಂಪವ್ವ ಅವಳತ್ತ ತಿರುಗಿ ಕುಳಿತಳು.

“ವೈನಿ, ನಿಮ್ಮ ಹಿತ್ತಲದಾಗ ಅರಿವಿ ಒಗಿಯೂ ಕಲ್ಲಿನ ಮ್ಯಾಲೂ ಕೆತ್ತಿದ ದೇವಿ ಒಬ್ಬಾಕಿ ಅದಾಳಲ್ರಿ?”

“ಅದಾಳ.”

“ನಾ ಮದಿವ್ಯಾಗಿ ಬಂದಾಗ ಅಕಿಗಿ ತಲಿ ಇತ್ರಿ.”

“ಇತ್ತ. ಒಗದ ಒಗದ ಸವದ ಹೋತು. ಏಳ, ಬಸ್ ಬಂತ.”

ರುಕ್ಮವ್ವ ಬಸ್ಸಿನ ಮೆಟ್ಟಿಲು ಮುಟ್ಟಿ, ಕೈಯನ್ನು ಕಣ್ಣಿಗೊತ್ತಿಕೊಂಡು ಹತ್ತಿದಳು.