ಚಾವಡಿ ಗ್ವಾಡಿ ಮ್ಯಾಲಿನ ಗೆರಿ

ಇಲ್ಲವ್ವಾ ಸವಿತಾ, ಆ ಬಣ್ಣದ ಡಬ್ಬಿ ಮುಚ್ಚು ಮದ್ಲ, ಆಮ್ಯಾಲೆ ನಿನ್ನ ಜರ್ಮನಿ ಊರಿನ ಪಾಠಾ ಓದು. ನರ್ಸ್ ಕೆಲಸಕ್ಕ ಅವರ ಭಾಷಾ ಕಲಿಯಾಕತ್ತಿ, ಕಲಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈಗ ಏನ ಓದಿದಿ? ಸಣ್ಣ ಊರು, ಹೊಳಿ ಸುತ್ತಿ ಹರೀತೈತಿ, ದಿಬ್ಬದ ಮ್ಯಾಲೆ ಚರ್ಚ್, ತೆಗ್ಗಿನಾಗ ಬರೇ ಹುಲ್ಲಿನ ಹೊಲ. ಯಾವ ವರ್ಷ ನೀರು ಎಲ್ಲೀತನಕಾ ಏರಿತ್ತು ಅಂತ ಹಳೀ ಗ್ವಾಡಿ ಮ್ಯಾಲೆ ಗೆರಿ ಕೊರದಾರ, ಅದರ ಕೆಳಗ ಯಾರೂ ಮನಿ ಕಟ್ಟಂಗಿಲ್ಲ. ಅಷ್ಟ ಕೇಳಿದ್ದ ತಡಾ, ನನ್ನ ಮೈ ಉರೀತು ನೋಡು. ನಮಗೂ ಇತ್ತ ಬೇ ಗೆರಿ.

ಚಾವಡಿ ಗ್ವಾಡಿ ಕಲ್ಲಿಗೆ, ನನ್ನ ಎದಿ ಮಟ, ಅಲ್ಲಲ್ಲ, ಗದ್ದದ ಮಟ, ಆವಾಗ ನಾ ಗಿಡ್ಡ ಇದ್ನಿ. ನಮ್ಮ ಮುತ್ಯಾನ ಕಾಲದಾಗ ದೂಧಗಂಗಾ ಹೊಳಿ ತುಂಬಿ ಬಂದಾಗ ಕೊರದಿದ್ರಂತ. ಯಾರ ಮನಿ ಪಾಯಾ ಹಾಕಲಿ, ಮದ್ಲ ನೀರು ತುಂಬಿದ ಉದ್ದನ ಪೈಪ್ ಹಿಡದು ಆ ಗೆರಿಯಿಂದ ಮಟ್ಟಾ ನೋಡಾವ್ರು. ಗೆರಿಗಿಂತ ಮ್ಯಾಲೆ ಬಂತಂದ್ರ ಕಾಯಿ ಒಡಿಯೂದು, ಕೆಳಗ ಬಂತಂದ್ರ ಅಲ್ಲಿ ತಿಪ್ಪಿ ಹಾಕೂದು, ಮನಿ ಇಲ್ಲ.

ನಮ್ಮನ್ಯಾಗ ಆವಾಗ ಹೊಟ್ಟಿಗಿರಲಿಲ್ಲ, ಗೊತ್ತೇನು, ಒಂದ ಹೊತ್ತು ನುಚ್ಚು, ಇನ್ನೊಂದ ಹೊತ್ತು ನೀರು. ನಿಪ್ಪಾಣಿ ಕಡೆ ಗವಂಡಿ ಒಬ್ಬ, ಮನಿ ಕಟ್ಟಾವ, ಬಂದು ನನ್ನ ಕೆಲಸಕ್ಕ ಹಚ್ಚಿಕೊಂಡ. ಅದ ನನ್ನ ಮದಲನೇ ಕೆಲಸ. ಯಾವನೋ ದೊಡ್ಡ ಸಾಹೇಬ ಬರಾವಿದ್ದ, ಚಾವಡಿ ಚಂದ ಕಾಣಬೇಕು, ಪ್ಲಾಸ್ಟರ್ ಮಾಡ್ರಿ ಅಂದ್ರು ಊರ ಹಿರ್ಯಾರು. ಸುದ್ದಿ ಕೇಳಿ ನಮ್ಮಪ್ಪ ಓಡಿ ಬಂದ. ‘ಲೇ ಮಗನ, ಆ ಗೆರಿ ಬಿಟ್ಟು ಬಳೀಲೇ.’ ಗವಂಡಿ ನಕ್ಕ. ‘ಕಾಯ್ ಹೋ ಬಾಬಾ, ನಿಮ್ಮ ಗೆರಿ ಸಂಬಂಧ ಗ್ವಾಡಿ ಕುರೂಪಾ ಮಾಡ್ಲೇನು? ಬಳಿಯೋ ನೀ.’ ನಾ ಅಪ್ಪನ ಮಾರಿ ನೋಡಿದ್ನಿ, ಗವಂಡಿ ಮಾರಿ ನೋಡಿದ್ನಿ. ಕೆಲಸ ಬಿಟ್ಟರ ಆ ನುಚ್ಚೂ ಇಲ್ಲ. ಬಳದ್ನಿ, ಈ ಕೈಲೇ ಕರಣಿ ಹಿಡದು ಬಳದ್ನಿ. ಸಾಹೇಬ ಬರ್ಲೇ ಇಲ್ಲ.

ಮುಂದ ನಾನ ಗವಂಡಿ ಆದ್ನಿ. ನಮ್ಮಕ್ಕ ಹೊಳಿ ಕಡೆ ಜಾಗಾ ಹಿಡದ್ಲು, ಪಾಯಾ ನಾನ ಹಾಕಿದ್ನಿ. ‘ತಮ್ಮಾ, ಮಟ್ಟಾ ನೋಡೀಯಿಲ್ಲೋ?’ ಅಂದ್ಲು. ಪೈಪ್ ಕೈಯಾಗಿತ್ತು, ಎಲ್ಲಿ ಹಿಡೀಲಿ? ಗೆರಿ ಎಲ್ಲೈತಿ? ಕಣ್ಣಂದಾಜಿಲೆ ಹೇಳಿದ್ನಿ, ‘ನೀರು ಇಲ್ಲೀತನಕಾ ಬರಂಗಿಲ್ಲಕ್ಕಾ, ನಾ ಅದೀನಲ್ಲ.’ ಎಷ್ಟೋ ವರ್ಷ ಹೊಳಿ ಸುಮ್ಮನಿತ್ತು, ನನಗೂ ಸೊಕ್ಕು ಬಂತು. ಆಮ್ಯಾಲೆ ಬಂತಲ್ಲ ಆ ಮಹಾಪೂರ, ನೀ ಸಣ್ಣಾಕಿದ್ದಿ. ಊರಾಗ ಡಂಗುರಾ ಸಾರಿದ್ರು, ಎಲ್ಲಾರೂ ಎದ್ದು ಹ್ವಾದ್ರು, ಅಕ್ಕ ಏಳ್ಲಿಲ್ಲ. ತಮ್ಮ ಹೇಳ್ಯಾನ, ನೀರು ಬರಂಗಿಲ್ಲ ಅಂದ್ಲಂತ. ಬಾಗಲಕ್ಕ ನೀರು ಬಂದ ಮ್ಯಾಲೆ ನಮ್ಮ ದಾಜಿ, ಅಕ್ಕನ ಗಂಡ, ಎಮ್ಮಿ ಬಿಚ್ಚಾಕ ಹ್ವಾದ. ಗ್ವಾಡಿ ಅವನ ಮ್ಯಾಲೆ ಬಿತ್ತು. ಆ ಗ್ವಾಡೀನೂ ನಾನ ಕಟ್ಟಿದ್ನಿ.

ಅಕ್ಕ ಇವತ್ತಿಗೂ ನನಗ ಒಂದ ಮಾತು ಬೈದಿಲ್ಲ. ಬೈದಿದ್ರ ಚೊಲೊ ಇತ್ತು. ಊರ ಹಿರ್ಯಾರು ಏನಂದ್ರು ಗೊತ್ತೇನು? ದೇವರ ಇಚ್ಛಾ. ಏನ ದೇವರ ಇಚ್ಛಾ? ದೇವರೇನು ಕರಣಿ ಹಿಡದು ಬಂದಿದ್ನೇನು ಚಾವಡಿಗೆ? ಹಿಡದಾವ ನಾನು, ಹಿಡಸಿದಾವ್ರು ಅವ್ರು.

ಈಗ ನಿಮ್ಮವ್ವ ದಸರಾಕ್ಕ ಮನಿ ಚಂದ ಮಾಡೂಣು, ಗ್ವಾಡಿ ಮ್ಯಾಲೆ ಆ ಪೂರದ ಕೆಸರಿನ ಕಲಿ ಅಸಂಯ್ಯ ಕಾಣತೈತಿ ಅಂತಾಳ. ಕಾಣ್ಲಿ, ಅದಕ್ಕ ಇಷ್ಟ ವರ್ಷ ಬಣ್ಣಾ ಹಚ್ಚಗೊಟ್ಟಿಲ್ಲ ನಾ. ಉಳಿ ತಾ ಇಲ್ಲಿ, ಸುತ್ತಿಗಿ ತಾ. ಇವತ್ತ ಆ ಕಲಿ ಗುಂಟ ಕೊರೀತೀನಿ, ನಾಳಿ ಪೈಪ್ ಹಿಡದು ಅದ ಮಟ್ಟಾ ಚಾವಡಿಗೂ ಒಯ್ದು ಕೊರೀತೀನಿ, ಯಾವ ಹಿರ್ಯಾ ಬರ್ತಾನ ನೋಡೂಣು. ಆಮ್ಯಾಲೆ ನಿಮಗ ಬೇಕಾದ ಬಣ್ಣಾ ಬಳಕೊಳ್ರಿ, ಮನಿತುಂಬ ಬಳೀರಿ. ಆ ಗೆರಿ ಒಂದ ಬಿಟ್ಟು ಬಳೀರಿ.