ಚೀಲದಾಗಿನ ಅತ್ತಿ

ಕಾರಹುಣ್ಣಿಮಿ ದಿನ ನಾ ಮೊದಲ ಸಲ ಮನಿ ಬಿಟ್ಟು ನಡದದ್ದು, ಎತ್ತಿನ ಕೋಡಿಗೆ ಬಣ್ಣ ಹಚ್ಚಿದ ಕೈ ಸೈತ ತೊಳೀಲಿಲ್ಲ, ನಮ್ಮೂರು ಮೈಂದರ್ಗಿ ಬಿಟ್ಟು ಸೀದಾ ಸೊಲ್ಲಾಪುರ. ಸಾಲಿ ಅಂತೂ ನಾಕನೇ ಇಯತ್ತೆಗೇ ಮುಗದಿತ್ತು. ಆಗ ಸೊಲ್ಲಾಪುರ ಇನ್ನ ಮುಂಬೈ ರಾಜ್ಯದಾಗ ಇತ್ತು, ಗೊತ್ತೇನ್ರಿ ನಿಮಗ, ನಿಮ್ಮಪ್ಪನೂ ಹುಟ್ಟಿದ್ದಿಲ್ಲ. ಹೋಟಗಿ ಸ್ಟೇಶನ್ದಾಗ ಚಾ ಮಾರಿದೆ, ಸುಣ್ಣದ ಭಟ್ಟ್ಯಾಗ, ಅಲ್ಲ, ಮೊದಲ ಭಟ್ಟಿ, ಆಮ್ಯಾಲೆ ಚಾ, ಎಲ್ಲೂ ಕಾಲು ನಿಲ್ಲವಲ್ದು. ಕಡೀಕ ಒಂದ ಮಗ್ಗದ ಕಾರಖಾನ್ಯಾಗ ನೂಲಿನ ಗಂಟು ಹೊರಾಕತ್ತೆ. ದೀಪಾವಳಿಗೆ ನಿನ್ನ ಮಗ್ಗದ ಮ್ಯಾಲ ಕೂಡಸ್ತೀನಿ ಅಂತ ಮಾಲಕ ಮಾತು ಕೊಟ್ಟಿದ್ದ. ಮಗ್ಗ ಅಂದ್ರ ಆಗ ಜನ್ಮದ ಅನ್ನ.

ಆ ಕಾರಖಾನಿ ಗ್ವಾಡ್ಯಾಗ ಅತ್ತಿ ಗಿಡ ಎದ್ದಿತ್ತು, ನನ್ನ ಎದಿಮಟ. ಬ್ಯಾಸಗ್ಯಾಗ ಒಂದಿನ ಆಳಿನ ಮ್ಯಾಲಿನ ಮುಕಾದಮ ಕೊಡ್ಲಿ ಕೊಟ್ಟು, "ಗ್ವಾಡಿ ಬಿರೀತೈತಿ, ಕಡದ ಒಗಿ" ಅಂದ. "ಆಗೂದಿಲ್ರಿ" ಅಂದೆ. "ಯಾಕೋ, ಕೈಗೆ ಮದರಂಗಿ ಹಚ್ಚೀಯೇನು?" "ನಂದು ಕೃತ್ತಿಕಾ ನಕ್ಷತ್ರ್ರಿ, ಕೃತ್ತಿಕಾದ ಗಿಡ ಅತ್ತಿ. ಹುಟ್ಟಿದ ನಕ್ಷತ್ರದ ಗಿಡಕ್ಕ ನಾವು ಕೊಡ್ಲಿ ಹಚ್ಚೂದಿಲ್ಲ." "ಹಂಗಾದ್ರ ಮಗ್ಗ ಮರ್ತುಬಿಡು ರಾಜಾ, ಗಿಡದ ಜೋಡಿ ನೀನೂ ನಡಿ." ನಡದೆ. ಆದ್ರ ಬರಿಗೈಲೆ ಅಲ್ಲ, ಗ್ವಾಡಿ ಕಲ್ಲು ಸಡ್ಲ ಮಾಡಿ, ಬೇರು ಹರೀದಂಗ ಗಿಡ ತಗದು, ಕಲ್ಲು ಮತ್ತ ಕೂಡಿಸಿ, ಹಸಿ ಚೀಲದಾಗ ಬುಡದಿಂದ ತುದೀತನಕ ಸುತ್ತಿ ಅಕ್ಕಲಕೋಟ ಬಸ್ಸ ಹತ್ತಿದೆ. ಅಲ್ಲಿ ನಮ್ಮವ್ವನ ಗೆಳತಿ ಶಾಂತವ್ವನ ಹೊಲದಾಗ ಬಾವಿ ಇತ್ತು. ಕಂಡಕ್ಟರ್ ಮಂಗಳವೇಢೆಯಾಂವ, ಅರ್ಧಮರ್ಧ ಕನ್ನಡ. "ಚೀಲದಾಗ ಏನೋ?" "ಅತ್ತಿ ಐತ್ರಿ." ಹೌಹಾರಿದ. "ಅತ್ತಿ? ಅರೇ ಬಾಬಾ, ಹೆಂಡತಿ ಅವ್ವನ್ನ ಯಾರರ ಚೀಲದಾಗ ತುಂಬತಾರ?" ಬಸ್ಸಿಗೆ ಬಸ್ಸ ನಕ್ತು. "ನಂದಿನ್ನ ಲಗ್ನನ ಆಗಿಲ್ರಿ, ಇದು ಗಿಡದ ಅತ್ತಿ, ನಿಮ್ಮ ಮರಾಠ್ಯಾಗ ಉಂಬರ" ಅಂದೆ. ಉಂಬರ ಅಂದ್ರ ಅವರಿಗೆ ದತ್ತನ ಗಿಡ, ಹೆಸರ ಕೇಳಿದಕೂಡ್ಲೆ ಕೈ ಮುಗದು ತನ್ನ ಸೀಟ ಬಿಟ್ಟುಕೊಟ್ಟ.

ಶಾಂತವ್ವ ನೋಡಿ, "ಈ ಬಿಸಲಾಗ ಇದು ಹತ್ತೂದಿಲ್ಲೋ ತಮ್ಮಾ, ಒಲಿಗೆ ಕಟಗಿ ಆಕ್ಕೈತಿ" ಅಂದ್ಲು. ಬಾವಿ ದಂಡ್ಯಾಗ ಹಚ್ಚಿದೆ, ಎಲಿ ಎಲ್ಲಾ ಉದುರಿ ಬರೇ ಕೋಲು ಉಳೀತು. ಹೊಲದಾಗ ದುಡದು ರೊಟ್ಟಿ ತಿಂದೆ, ಕೊಡಾ ಹೊತ್ತು ನೀರ ಹಾಕಿದೆ, ಹಾಕಿದೆ. ದಾರಿ ಮಂದಿ ಕೋಲಿಗೆ ನೀರ ಹಾಕಾಂವ ಅಂತ ಹೆಸರಿಟ್ರು. ಕಾಲು ಹೋಗೂನು ಹೋಗೂನು ಅಂತಿದ್ವು, ಸುಮ್ಮನ ಕೂಡ್ರಿ ಅಂದೆ. ರೋಹಿಣಿ ಮಳಿ ಬಂತು, ಮಿರಗ ಬಂತು, ಏನೂ ಇಲ್ಲ. ಆರಿದ್ರಿ ಮಳ್ಯಾಗ ಬುಡಕ್ಕ ಒಂದ ಕೆಂಪನ ಕುಡಿ ಒಡೀತು, ಇಲಿ ಕಿವಿಯಷ್ಟ. ಮಗ್ಗ ಹೋತು, ಹೋಗವಲ್ದ್ಯಾಕ, ಅವತ್ತ ಉಬ್ಬಿದಂಗ ನನ್ನ ಎದಿ ಮತ್ತ ಉಬ್ಬಿಲ್ಲ. ಶಾಂತವ್ವ, "ಗಿಡ ಹತ್ತೇತಿ, ಇನ್ನ ಇಲ್ಲೇ ಇರು, ನಿನಗೊಂದ ಹುಡುಗಿ ನೋಡ್ತೀನಿ" ಅಂದ್ಲು. "ಹತ್ತೇತಿ ಯವ್ವಾ, ಅದಕ್ಕ ಹೊಂಟೀನಿ" ಅಂದೆ. ನಿಮಗೂ ಹೋಗಬ್ಯಾಡ್ರಿ ಅನ್ನಾಂವ ಅಲ್ಲ ನಾ, ಹಚ್ಚಿದ್ದು ಚಿಗಿಯೂತನಕ ಮಾತ್ರ ಕೂಡ್ರಿ. ಆಕಿ ಬೈಕೋತನ ರೊಟ್ಟಿ ಕಟ್ಟಿದ್ಲು, ನಾ ಕಂಬಳಿ ಸುತ್ತಿದೆ.